ಮೂವತ್ತೆಂಟನೇ ಗಾಡಿಯ ಎರಡನೇ ಅರ್ಧ

ಶವದ ಗಾಡಿಯ ಡ್ರೈವರ್ ಹತ್ತಿ ಕೂತವನು ಕೀಲಿ ತಿರುಗಿಸಲಿಲ್ಲ. ಮೊದಲು ಎಡಗನ್ನಡಿ ನೋಡಿದ, ಆಮೇಲೆ ಬಲಗನ್ನಡಿ, ಆಮೇಲೆ ನಡುವಿನದು. ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡ. ತನ್ನ ಬೆಲ್ಟು ಹಾಕಿಕೊಂಡು, ಪಕ್ಕದಲ್ಲಿ ಕೂತಿದ್ದ ತಾಯಿ ಮಗಳಿಬ್ಬರೂ ಹಾಕಿಕೊಂಡಿದ್ದಾರೆಯೇ ಎಂದು ಬಗ್ಗಿ ನೋಡಿದ. ಕೊನೆಗೆ ಕುತ್ತಿಗೆ ತಿರುಗಿಸಿ, ಹಿಂದೆ ಹೂವಿನ ಕೆಳಗೆ ಮಲಗಿದ್ದವರ ಕಡೆ ನೋಡಿ, "ಹೊರಡ್ಲಾ ಮೇಷ್ಟ್ರೇ?" ಎಂದ.

"ಹೊರಡಪ್ಪ. ಇನ್ನೇನು ಅವರು ಬೇಡ ಅಂತಾರಾ?" ಎಂದಳು ಅಮ್ಮ.

"ಅನ್ನಲ್ಲಮ್ಮ. ಆದ್ರೂ ಅವರು ಗಾಡೀಲಿರುವಾಗ ಕನ್ನಡಿ ನೋಡದೆ ಗೇರ್ ಹಾಕೋಕೆ ಕೈಯೇ ಬರಲ್ಲ. ಇದೇ ಕನ್ನಡಿ ವಿಷಯಕ್ಕೆ ಮೂರು ವಾರ ಹೆಚ್ಚಿಗೆ ಕಲಿಸಿದ್ರು ನನಗೆ."

ಹಿಂದೆ ಹದಿನಾಲ್ಕು ಕಾರು ಸಾಲುಗಟ್ಟಿದ್ದವು. ಮೂವತ್ತನಾಲ್ಕು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು ಸತ್ತರೆ ಇನ್ನೇನಾಗುತ್ತದೆ? ಸ್ಟೀರಿಂಗ್ ಹಿಡಿದ ಕೈಗಳೆಲ್ಲ ಮೇಷ್ಟ್ರು ತಿದ್ದಿದ ಕೈಗಳೇ. ಒಂದು ಕಾರಿಗೂ ಇನ್ನೊಂದಕ್ಕೂ ನಡುವೆ ಅಳೆದಿಟ್ಟ ಹಾಗೆ ಒಂದೇ ಅಂತರ. ತಿರುವು ಬಂದರೆ ಹದಿನೈದು ಇಂಡಿಕೇಟರು ಒಂದರ ಹಿಂದೊಂದು ಮಿಟುಕಿದವು. ಸಿಗ್ನಲ್ಲು ಹಳದಿಯಾದ ಕೂಡಲೇ ಅಷ್ಟೂ ನಿಂತವು. ಅಡ್ಡರಸ್ತೆಯಲ್ಲಿದ್ದವರು, ಇದ್ಯಾವ ಮಂತ್ರಿಯ ಮೆರವಣಿಗೆಯಪ್ಪಾ ಎಂದು ಬಾಯಿ ಬಿಟ್ಟುಕೊಂಡು ನೋಡಿದರು. ಒಬ್ಬನೂ ಹಾರ್ನ್ ಒತ್ತಲಿಲ್ಲ. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂದು ಸ್ಕೂಲಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದವರು ಮುಂದೆ ಹೋಗುತ್ತಿರುವಾಗ ಹಾರ್ನ್ ಒತ್ತುವ ಎದೆ ಯಾರಿಗಿದೆ!

ನೀರಿನ ಟ್ಯಾಂಕಿನ ತಿರುವಿನಲ್ಲಿ ಅಮ್ಮನ ಬಲಗಾಲು ಗಾಡಿಯ ನೆಲವನ್ನು ಒತ್ತಿ ತುಳಿಯಿತು.

"ಅಮ್ಮಾ, ಅಲ್ಲಿ ಬ್ರೇಕ್ ಇಲ್ಲ" ಎಂದಳು ಮಗಳು.

"ನನಗೆ ಗೊತ್ತು ಕಣೇ. ಕಾಲಿಗೆ ಗೊತ್ತಿಲ್ಲ."

ಅಷ್ಟು ವರ್ಷ ಮೇಷ್ಟ್ರ ಪಕ್ಕ ಕೂತು ಕೂತು ಅಮ್ಮನಿಗೂ ಅವರ ಬ್ರೇಕ್ ತುಳಿಯುವ ಚಟ ಅಂಟಿತ್ತು. ಯಾರ ಗಾಡಿಯಲ್ಲಿ ಕೂತರೂ ಅವಳ ಕಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು.

ಊರಿಗೆಲ್ಲ ಗಾಡಿ ಕಲಿಸಿದ ಮೇಷ್ಟ್ರ ಒಬ್ಬಳೇ ಮಗಳಿಗೆ ಲೈಸೆನ್ಸ್ ಇರಲಿಲ್ಲ. ನಲವತ್ತೊಂದು ತುಂಬಿತ್ತು. ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಾಲರ್ ಕೂರಿಸುವ ಕೆಲಸ. ಹೋಗುವುದೂ ಬರುವುದೂ ಬಸ್ಸಿನಲ್ಲಿ. ಯಾರಾದರೂ ಕೆದಕಿದರೆ, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಇದೆಯಲ್ಲ, ಅದನ್ನ ನಮ್ಮಪ್ಪನ್ನ ನೋಡೇ ಮಾಡಿದ್ದು" ಎಂದು ನಗಿಸಿ ಮಾತು ಮುಗಿಸಿಬಿಡುತ್ತಿದ್ದಳು. ಇವತ್ತು ಯಾರೂ ಕೆದಕಲಿಲ್ಲ. ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಮಲಗಿದ ಅಪ್ಪ ಏಳಲಿಲ್ಲ. ಆಡಬೇಕಾಗಿದ್ದ ಮಾತು ಇಬ್ಬರ ಬಾಯಲ್ಲೂ ಹಾಗೇ ಉಳಿದುಹೋಯಿತು.

*

ಸ್ಮಶಾನದಲ್ಲಿ ಎಲ್ಲ ಮುಗಿದು ಜನ ನೆರಳು ಹುಡುಕಿಕೊಂಡು ನಿಂತಾಗ, ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ನೇರ ಮಗಳ ಹತ್ತಿರ ಬಂದರು. ಯಾರ ಕಡೆಯವರೆಂದು ಗೊತ್ತಿಲ್ಲ. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನೀವೇ ಅಲ್ವಾ ಎರಡನೇ ಡ್ರೈವರ್ರು?"

"ಅಲ್ಲ" ಎಂದಳು ಮಗಳು. "ನಾನು ಮಗಳು."

"ಅದೇಮ್ಮ! ಪಟ್ಟಿಯಲ್ಲೂ ಹಾಗೇ ಇರೋದು. ಮೊದಲ ಅರ್ಧ, ಮೇಷ್ಟ್ರು. ಎರಡನೇ ಅರ್ಧ, ಮಗಳು. ಆರು ವರ್ಷದಿಂದ ನಿಮ್ಮನ್ನೇ ಕಾಯ್ತಿದೀವಿ ನಾವು."

ಮಗಳಿಗೆ ತಲೆಬುಡ ತಿಳಿಯಲಿಲ್ಲ. ಆ ಹೆಂಗಸು ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಹಲ್ಲು ಕೀಳುವ ಮುಂಚೆ ರೋಗಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದರು. ಕಸುಬಿನಲ್ಲಿ ಅವರು ನಿಜಕ್ಕೂ ಹಲ್ಲಿನ ಡಾಕ್ಟರೇ. ಮುನ್ನೂರು ಕಿಲೋಮೀಟರು ದೂರದಿಂದ ಬಂದಿದ್ದರು. ಬೇರೆ ಬೇರೆ ಊರಿನ ನಲವತ್ತೆಂಟು ಜನರದ್ದೊಂದು ಕೂಟ, ಅದಕ್ಕೆ ಅವರು ಹಿರಿಯರು. ಐವತ್ತು ಅರವತ್ತು ವರ್ಷದ ಹಿಂದೆ ನಡೆದ ಸ್ಪೋರ್ಟ್ಸ್ ಕಾರಿನ ರೇಸುಗಳನ್ನು ಇವರು ಕಂಪ್ಯೂಟರಿನಲ್ಲಿ ಮತ್ತೆ ಓಡಿಸುತ್ತಾರೆ. ಅವರವರ ಮನೆಯಲ್ಲೇ ಕೂತು, ಅದೇ ರಸ್ತೆ, ಅದೇ ಗಾಡಿ, ಅದೇ ನಂಬರು. ಅಸಲಿ ಓಟದಲ್ಲಿ ಕೊನೆಯ ಅರ್ಧ ಗಂಟೆ ಮಳೆ ಬಂದಿದ್ದರೆ ಇಲ್ಲೂ ಕೊನೆಯ ಅರ್ಧ ಗಂಟೆ ಮಳೆ.

"ವರ್ಷಕ್ಕೊಮ್ಮೆ ದೊಡ್ಡ ಓಟ, ಪ್ರತಿ ಸಲ ಅದೇ ಹಳೇ ಓಟ. ನಾಲ್ಕು ಗಂಟೆಯದ್ದು. ಎರಡು ಗಂಟೆ ಒಂದು ಭಾನುವಾರ, ಎರಡು ಗಂಟೆ ಮುಂದಿನ ಭಾನುವಾರ. ಒಂದು ಗಾಡಿಗೆ ಇಬ್ಬರು, ಅರ್ಧ ಅರ್ಧ. ನಮ್ಮ ಕೂಟದ ಕಟ್ಟಳೆ ಒಂದಿದೆ ನೋಡಿ. ಅಸಲಿ ಓಟದಲ್ಲಿ ಯಾವ ಗಾಡಿ ಎಷ್ಟನೇ ಸುತ್ತಿಗೆ ಕೆಟ್ಟು ನಿಂತಿತ್ತೋ, ಇಲ್ಲೂ ಅಷ್ಟನೇ ಸುತ್ತಿಗೆ ಪಕ್ಕಕ್ಕೆ ನಿಲ್ಲಬೇಕು, ಮೊದಲನೇ ಜಾಗದಲ್ಲಿದ್ರೂ ಸರಿ. ಗುರಿ ಮುಟ್ಟಿದ ಗಾಡಿ ಇಲ್ಲೂ ಗುರಿ ಮುಟ್ಟಬೇಕು. ಅವತ್ತು ಹೊರಟಿದ್ದು ಇಪ್ಪತ್ತನಾಲ್ಕು, ಮುಟ್ಟಿದ್ದು ಹನ್ನೊಂದು. ಹನ್ನೊಂದೂ ಮುಟ್ಟಿದ್ರೆ ಮಾತ್ರ ಆ ವರ್ಷದ ಓಟ ಪೂರ್ತಿಯಾದ ಹಾಗೆ."

"ಮುಟ್ಟಲ್ವಾ?"

"ಹತ್ತು ಮುಟ್ಟತ್ತೆ. ಹನ್ನೊಂದನೇದು ನಿಮ್ಮದು. ಮೂವತ್ತೆಂಟನೇ ನಂಬರು, ಹಸಿರು ಬಣ್ಣದ ಪುಟ್ಟ ಗಾಡಿ, ಎಲ್ಲದಕ್ಕಿಂತ ನಿಧಾನದ್ದು. ಮೇಷ್ಟ್ರು ಪ್ರತಿ ವರ್ಷ ಅವರ ಅರ್ಧ ಮುಗಿಸಿ, ಒಂದು ಗೀರೂ ಇಲ್ಲದ ಹಾಗೆ ತಂದು ನಿಲ್ಲಿಸ್ತಿದ್ರು. ಮುಂದಿನ ಭಾನುವಾರ ಅದು ಅಲ್ಲೇ ನಿಂತಿರ್ತಿತ್ತು. ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ ಮೇಷ್ಟ್ರೇ ಅಂತ ಕಾಲಿಗೊಂದು ಬೀಳೋದು ಬಾಕಿ. 'ಅದು ಅವಳ ಪಾಲು. ಅವಳಿಗೆ ಬಿಡುವಿಲ್ಲ, ಬರ್ತಾಳೆ' ಅಂತಿದ್ರು. ಅವರ ಧ್ವನಿ ಕೇಳಿ ಕೇಳಿ ನಾವೆಲ್ಲ ಓಡಿಸೋದು ಕಲಿತಿದ್ದು, ಅದಕ್ಕೇ ಯಾರೂ ಎದುರಾಡ್ಲಿಲ್ಲ. ಆರು ವರ್ಷ ಮಾತಾಡಿದೀನಿ ಕಣಮ್ಮಾ, ಮುಖ ನೋಡಿದ್ದು ಇವತ್ತೇ."

ಹೋದ ಭಾನುವಾರವೂ ಅಪ್ಪ ಓಡಿಸಿದ್ದರು. ಇನ್ನರ್ಧ ಇವತ್ತು ಸಂಜೆ ನಾಲ್ಕಕ್ಕೆ.

"ಓಟ ಮುಂದಕ್ಕೆ ಹಾಕೋಣ ಅಂದ್ವಿ" ಎಂದರು ಹಲ್ಲಿನ ಡಾಕ್ಟರು. "ಆದ್ರೆ ಯಾರಿಗೋಸ್ಕರಾನೂ ಓಟ ನಿಲ್ಲಬಾರ್ದು ಅಂತ ಕಟ್ಟಳೇಲಿ ಬರೆಸಿದ್ದು ಅವರೇ. ನಾನು ಬಲವಂತ ಮಾಡಲ್ಲ. ಆದ್ರೆ ನಿಮ್ಮನ್ನ ಕೇಳದೆ ಹೋದ್ರೆ ನನಗೆ ನಿದ್ದೆ ಬರಲ್ಲ."

ಮಗಳು ಎದ್ದುಬಿಟ್ಟಳು. "ತಪ್ಪು ತಿಳ್ಕೊಂಡಿದೀರಿ ಮೇಡಂ. ನನಗೆ ಗಾಡಿ ಬಿಡೋಕೇ ಬರಲ್ಲ. ನನ್ನ ಕಾಲಿಗೆ ಬುದ್ಧಿ ಇಲ್ಲ ಅಂತ ಅವರೇ ಹೇಳಿದ್ರು."

*

ಹೇಳಿದ್ದು ಅವಳಿಗೆ ಹತ್ತೊಂಬತ್ತು ತುಂಬಿದ ವಾರ. ಸ್ಕೂಲಿನ ಬಿಳಿ ಕಾರು. ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕು. ಕಲಿಯುವವರು ತಪ್ಪಿದರೆ ಅವರು ಅಲ್ಲಿಂದಲೇ ತುಳಿದು ನಿಲ್ಲಿಸುತ್ತಿದ್ದರು. ಬೇರೆಯವರ ಮಕ್ಕಳಿಗೆ ದಿನಕ್ಕೆ ಮೂರೋ ನಾಲ್ಕೋ ಸಲ ತುಳಿಯುತ್ತಿದ್ದ ಮನುಷ್ಯ, ಮಗಳು ಸ್ಟೀರಿಂಗ್ ಹಿಡಿದಾಗ ಬ್ರೇಕಿನಿಂದ ಕಾಲು ಎತ್ತಲೇ ಇಲ್ಲ. ನಾಯಿ ಕಂಡರೆ ತುಳಿದರು, ಸೈಕಲ್ಲು ಕಂಡರೆ ತುಳಿದರು, ಏನೂ ಕಾಣದಿದ್ದಾಗ ಏನೋ ಬರಬಹುದು ಎಂದು ತುಳಿದರು. ಅವಳು ಎಣಿಸಿದ್ದಳು, ಮೂವತ್ತೊಂದು ಸಲ.

ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಮೂವತ್ತೆರಡನೆಯದಕ್ಕೆ ಗಾಡಿ ಮುಗ್ಗರಿಸಿ ನಿಂತುಹೋಯಿತು. ಹಿಂದಿನ ಲಾರಿಯವನು ಬಾಯಿಗೆ ಬಂದಂತೆ ಬೈದ.

"ನಾನು ಸರಿಯಾಗೇ ಹೋಗ್ತಿದ್ನಲ್ಲಪ್ಪಾ!"

"ಏನು ಸರಿ? ನಿನ್ನ ಕಾಲಿಗೆ ಬುದ್ಧಿ ಇಲ್ಲ!"

ಅವಳು ಕೀಲಿ ಕಿತ್ತು ಅಪ್ಪನ ತೊಡೆಯ ಮೇಲೆ ಇಟ್ಟಳು. "ಹಾಗಾದ್ರೆ ನೀವೇ ಓಡಿಸ್ಕೊಳ್ಳಿ" ಎಂದು ಇಳಿದು, ಬಿಸಿಲಲ್ಲಿ ಮನೆಗೆ ನಡೆದು ಬಂದಳು. ಆಮೇಲೆ ಅವಳಿಗೆ ಗಾಡಿ ಕಲಿಸಲು ಯಾರೂ ಮುಂದೆ ಬರಲಿಲ್ಲ. ಮೇಷ್ಟ್ರು ಕೈಬಿಟ್ಟವಳಿಗೆ ನಾವು ಕಲಿಸೋದುಂಟಾ ಎಂದರು ಊರಲ್ಲಿ ಗಾಡಿ ಕಲಿಸುತ್ತಿದ್ದ ಮಿಕ್ಕ ಇಬ್ಬರೂ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮಗಳು ಮರೆಯಲಿಲ್ಲ.

*

ಮನೆಯಲ್ಲಿ ಮಾವ ಕೂಗಾಡುತ್ತಿದ್ದ. ಮಾವ ಎಂದರೆ ಅಮ್ಮನ ತಮ್ಮ. ಮದುವೆಯಿರಲಿ ಸಾವಿರಲಿ, ಜೋರು ಮಾಡಲು ಒಬ್ಬರು ಬೇಕಲ್ಲ, ಆ ಕೆಲಸ ಅವನದು.

"ಸತ್ತ ಮನೇಲಿ ಆಟವಂತೆ ಆಟ! ನಾಲ್ಕು ಜನ ಕೇಳಿದ್ರೆ ಏನಂತಾರೆ? ಆ ಡಾಕ್ಟರಮ್ಮಂಗಾದ್ರೂ ಬುದ್ಧಿ ಬೇಡ್ವಾ?"

"ಮೆತ್ತಗೆ ಮಾತಾಡೋ" ಎಂದಳು ಅಮ್ಮ. ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಮಗಳ ಕೈ ಹಿಡಿದಳು. "ಬಾ ಇಲ್ಲಿ."

ಹಿಂದಿನ ಕೋಣೆ. ದೂರದ ನೋಟ ಮಸುಕಾಗಿ ಲೈಸೆನ್ಸ್ ವಾಪಸು ಕೊಟ್ಟ ಮೇಲೆ ಅಪ್ಪ ಬಸ್ಸು ಹತ್ತಿ ಡ್ರೈವರ್ ಹಿಂದೆ ಕೂತು, "ಕನ್ನಡಿ ನೋಡಯ್ಯಾ, ಕನ್ನಡಿ!" ಎಂದು ಕೂಗಿ ಕೂಗಿ ಎರಡು ಸಲ ಬಸ್ಸಿನಿಂದ ಇಳಿಸಿಕೊಂಡಿದ್ದರು. ಮೂರನೇ ಸಲಕ್ಕೆ ಅಮ್ಮನೇ ಅಂಗಡಿಗೆ ಹೋಗಿ ಕಂಪ್ಯೂಟರಿಗೆ ಜೋಡಿಸುವ ಈ ಸ್ಟೀರಿಂಗನ್ನೂ ಪೆಡಲುಗಳನ್ನೂ ತಂದಿದ್ದಳು. ಮಂಚದಷ್ಟು ಅಗಲದ ಪರದೆ. ಅದರ ಮುಂದೆ, ಗುಜರಿಗೆ ಹೋದ ಸ್ಕೂಲ್ ಕಾರಿನಿಂದ ಬಿಚ್ಚಿ ತಂದ ಎರಡು ಸೀಟು, ಹಲಗೆಗೆ ಬೋಲ್ಟು ಹಾಕಿ ಕೂರಿಸಿದ್ದು. ಮಗಳು ಭಾನುವಾರ ಬಂದಾಗೆಲ್ಲ ಅಪ್ಪ ಈ ಬಾಗಿಲಲ್ಲಿ ನಿಂತು, "ಒಂದು ಸುತ್ತು ನೋಡ್ತೀಯಾ?" ಎನ್ನುತ್ತಿದ್ದರು. ಅವಳು ಫೋನಿನಿಂದ ತಲೆ ಎತ್ತದೆ, "ನನಗೆ ಬೇರೆ ಕೆಲಸ ಇದೆ" ಎನ್ನುತ್ತಿದ್ದಳು. ಆರು ವರ್ಷದಲ್ಲಿ ಎಷ್ಟು ಭಾನುವಾರ ಬರುತ್ತದೆ?

"ಎರಡು ಸೀಟು ಯಾಕೆ ಅಂತ ಕೇಳಿದ್ದೆ" ಎಂದಳು ಅಮ್ಮ. "ಒಂದು ಅವಳು ಓಡಿಸೋಕೆ, ಒಂದು ನಾನು ಕೂತು ನೋಡೋಕೆ ಅಂದ್ರು. ಹಾಗಾದ್ರೆ ನಿಮ್ಮ ಕಡೆ ಹಾಕಿದ್ದ ಬ್ರೇಕ್ ಯಾಕೆ ಕಿತ್ತುಬಿಟ್ರಿ ಅಂದೆ. ಬೇಡ ಕಣೇ, ಇದ್ರೆ ತುಳಿದುಬಿಡ್ತೀನಿ ಅಂದ್ರು."

ಮಗಳು ಬಗ್ಗಿ ನೋಡಿದಳು. ಎಡಗಡೆಯ ಸೀಟಿನ ಮುಂದೆ ಬರೀ ಹಲಗೆ. ಪೆಡಲ್ ಇದ್ದ ಜಾಗದ ನಾಲ್ಕು ತೂತನ್ನೂ ಮರದ ಚಕ್ಕೆಯಿಂದ ಮುಚ್ಚಿ, ಉಜ್ಜಿ, ಬಣ್ಣ ಹಚ್ಚಿದ್ದರು.

"ಬಾಯಿ ಬಿಟ್ಟು ಹೇಳೋಕೇನಾಗಿತ್ತಮ್ಮ ಅವರಿಗೆ?" ಎಂದು ಅವಳು ಗೋಡೆಗೆ ಒರಗಿ ಅತ್ತುಬಿಟ್ಟಳು. ಶುಕ್ರವಾರದಿಂದ ಬಾರದ ಅಳು ಈಗ ಬಂತು.

"ಹೇಳೋಕೆ ಬರ್ತಿರ್ಲಿಲ್ಲ. ನಿನಗೆ ಕೇಳೋಕೆ ಬರ್ತಿತ್ತಾ? ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು."

ಬಾಗಿಲಲ್ಲಿ ಮಾವ ಇನ್ನೂ ಗೊಣಗುತ್ತಿದ್ದ. ಅಮ್ಮ ಅವನ ಕಡೆ ತಿರುಗಿದಳು. "ಅವರ ಗಾಡಿ ಅರ್ಧ ದಾರೀಲಿ ನಿಂತಿದೆ ಕಣೋ. ನಿನ್ನ ನಾಲ್ಕು ಜನ ಬಂದು ತಳ್ತಾರಾ? ತಳ್ಳೋ ಹಾಗಿದ್ರೆ ಕರಿ. ಇಲ್ಲಾಂದ್ರೆ ಹೋಗಿ ಎಲ್ಲರಿಗೂ ಟೀ ಕೊಡು."

ಮಾವ ಟೀ ಮಾಡಲು ಹೋದ. ಮಗಳು ಕಣ್ಣೊರೆಸಿಕೊಂಡು ಬಲಗಡೆಯ ಸೀಟಿನಲ್ಲಿ ಕೂತಳು.

*

ಮೊದಲ ಸುತ್ತಿಗೆ ಹನ್ನೊಂದು ನಿಮಿಷ ಹಿಡಿಯಿತು. ಮಿಕ್ಕವರಿಗೆ ನಾಲ್ಕು ನಿಮಿಷದ ಸುತ್ತು ಅದು. ಎರಡು ಸಲ ಹುಲ್ಲಿಗೆ ಹೋದಳು, ಒಂದು ಸಲ ಹಿಂದುಮುಂದಾಗಿ ನಿಂತಳು. ಪಕ್ಕದ ಸೀಟಿನಲ್ಲಿ ಅಮ್ಮ ನೆಲ ತುಳಿದೇ ತುಳಿದಳು.

"ಗೇರ್ ತಾನಾಗೇ ಬೀಳೋ ಹಾಗೆ ಮಾಡಿದೀನಿ, ಮೇಷ್ಟ್ರಿಗೆ ಹೇಳ್ಬೇಡಿ" ಎಂದರು ಹಿಂದೆ ನಿಂತ ಹಲ್ಲಿನ ಡಾಕ್ಟರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅವರ ಪಾಲಿನ ಅರ್ಧ ಹೋದ ವಾರವೇ ಮುಗಿದಿತ್ತು. ಇವತ್ತು ಅವರ ಗಾಡಿಯನ್ನು ಅವರ ಅಳಿಯ ತನ್ನ ಮನೆಯಿಂದ ಓಡಿಸುತ್ತಿದ್ದ. "ಗೋಡೆಗೆ ಮಾತ್ರ ಹೊಡೀಬೇಡಿ. ಹೊಡೆದ್ರೆ ಗಾಡಿ ಮುರಿಯತ್ತೆ, ಮುರಿದ್ರೆ ಮುಗೀತು."

"ಕನ್ನಡಿ ನೋಡಿ ಅಕ್ಕಾ" ಎಂದ ಶವದ ಗಾಡಿಯ ಡ್ರೈವರ್. ಗಾಡಿಯನ್ನು ಆಚೆ ನಿಲ್ಲಿಸಿ ಅವನೂ ಬಂದು ನಿಂತಿದ್ದ.

ನಾಲ್ಕನೇ ಸುತ್ತಿನಲ್ಲಿ ಅವಳಿಗೊಂದು ವಿಷಯ ಹೊಳೆಯಿತು. ಈ ಪೆಡಲು ಹೊಸದಲ್ಲ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಎಂಟು ಗಂಟೆ ಅವಳ ಬಲಗಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆಯೇ ಇತ್ತು. ಕಾಲರಿನ ನೇರ ಅಂಚಿನಲ್ಲಿ ಪೂರ್ತಿ ಒತ್ತು, ಮೂಲೆ ಬರುವ ಮುಂಚೆಯೇ ಸಡಿಲ ಬಿಡು, ತಿರುಗುವಾಗ ಕೂದಲೆಳೆಯಷ್ಟು ಒತ್ತು, ತಿರುಗಿದ ಮೇಲೆ ಮತ್ತೆ ಪೂರ್ತಿ. ಮೂಲೆಯಲ್ಲಿ ಗಕ್ಕನೆ ನಿಲ್ಲಿಸಿದರೆ ದಾರ ಸುಕ್ಕಾಗುತ್ತದೆ, ಇಲ್ಲಿ ಗಾಡಿ ತಿರುಗಿ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಅವಳು ಚಪ್ಪಲಿ ಬಿಚ್ಚಿ ಪಕ್ಕಕ್ಕೆ ತಳ್ಳಿದಳು. ಕಾರ್ಖಾನೆಯಲ್ಲೂ ಬರಿಗಾಲಲ್ಲೇ ಹೊಲಿಯುವುದು.

ಮುಂದಿನ ಸುತ್ತು ಏಳು ನಿಮಿಷ. ಅದರ ಮುಂದಿನದು ಆರು.

"ಅಯ್ಯೋ, ಇವರು ಮೇಷ್ಟ್ರ ಹಾಗೆ ಬಿಡ್ತಿಲ್ಲ" ಎಂದರು ಹಲ್ಲಿನ ಡಾಕ್ಟರು. "ಇದು ಬೇರೇನೋ."

ಎರಡನೇ ಅರ್ಧ ಶುರುವಾಗಿ ಮುಕ್ಕಾಲು ಗಂಟೆಯಾಗಿರಬೇಕು, ಕೆಂಪು ಗಾಡಿಯೊಂದು ಅವಳನ್ನು ದಾಟಿ ಮುಂದೆ ಹೋಯಿತು. ಹೋದದ್ದು ತಾನಾಗಿ ವೇಗ ಇಳಿಸಿ, ಇಂಡಿಕೇಟರು ಹಾಕದಿದ್ದರೂ ಹಾಕಿದಷ್ಟೇ ಮರ್ಯಾದೆಯಿಂದ ಹುಲ್ಲಿನ ಮೇಲೆ ಹೋಗಿ ನಿಂತಿತು.

"ಅದು ನಮ್ಮದು" ಎಂದರು ಡಾಕ್ಟರು. "ಎರಡನೇ ಜಾಗದಲ್ಲಿತ್ತು. ಅಸಲಿ ಗಾಡಿಯ ಗೇರ್‌ಬಾಕ್ಸು ಇದೇ ನಲವತ್ತೊಂದನೇ ಸುತ್ತಿಗೆ ಒಡೆದಿತ್ತು."

"ಹೊಟ್ಟೆ ಉರಿಯಲ್ವಾ ಮೇಡಂ?"

"ಉರಿಯತ್ತೆ, ಯಾಕೆ ಉರಿಯಲ್ಲ! ಆದ್ರೆ ನಾವು ನಿಲ್ಲದೆ ನೀವು ಹನ್ನೊಂದನೇ ಜಾಗಕ್ಕೆ ಬರೋದು ಹೇಗೆ? ನೀವು ಹೋಗ್ತಿರಿ."

ಒಂದೊಂದಾಗಿ ಗಾಡಿಗಳು ತಮ್ಮ ತಮ್ಮ ಸುತ್ತಿಗೆ ಪಕ್ಕಕ್ಕೆ ನಿಂತವು. ಹದಿಮೂರು ನಿಂತವು, ಹನ್ನೊಂದು ಉಳಿದವು. ಕೊನೆಯ ಅರ್ಧ ಗಂಟೆ ಎನ್ನುವಾಗ ಪರದೆಯ ಮೇಲೆ ಮಳೆ ಸುರಿಯಿತು. ರಸ್ತೆ ಕನ್ನಡಿಯಾಯಿತು. ಅಷ್ಟರಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ಬಂದ ಮಾವ ತಟ್ಟೆಯನ್ನು ಕೆಳಗಿಡುವುದನ್ನೇ ಮರೆತ. ಹದಿನಾಲ್ಕು ಕಾರಿನ ಜನ ಬಾಗಿಲಲ್ಲಿ, ಹಜಾರದಲ್ಲಿ, ಆಚೆ ಕಿಟಕಿಯಲ್ಲಿ ತುಂಬಿಕೊಂಡಿದ್ದರು. ಮೇಷ್ಟ್ರು ಫೇಲ್ ಮಾಡಿದವರು, ಪಾಸು ಮಾಡಿದವರು ಎಲ್ಲರೂ ಕತ್ತು ಚಾಚಿ ನಿಂತರು.

"ಟೈಮ್ ಮುಗೀತು. ಈ ಸುತ್ತೇ ಕೊನೇದು. ಗೆರೆ ದಾಟಬೇಕು ಅಷ್ಟೆ" ಎಂದರು ಡಾಕ್ಟರು. "ಇಳಿಜಾರು ಬರ್ತಿದೆ. ಅಲ್ಲೇ ಹೋದ ವರ್ಷ ಮೂವರು ಗೋಡೆಗೆ ಹೋಗೋದು ಸ್ವಲ್ಪದ್ರಲ್ಲಿ ತಪ್ಪಿತು. ನಡುವೆ ಬ್ರೇಕ್ ಮಾತ್ರ..."

"ಯಾರೂ ಮಾತಾಡ್ಬೇಡಿ" ಎಂದಳು ಮಗಳು.

ಇಳಿಜಾರು ಅವಳತ್ತ ಓಡಿ ಬಂತು. ಗಾಡಿಯ ಹಿಂಭಾಗ ಒಂದು ಚೂರು ಜಾರಿತು, ಗೋಡೆ ಹತ್ತಿರವಾಯಿತು. ಮೈಯೆಲ್ಲ ತುಳಿ, ತುಳಿ ಎಂದಿತು. ಅವಳ ಕಾಲು ತುಳಿಯಲಿಲ್ಲ. ಹೆಬ್ಬೆರಳಷ್ಟೇ ಮೇಲೆದ್ದಿತು, ಒಂದು ಗಳಿಗೆ ಕಾಯಿತು, ಕೂದಲೆಳೆಯಷ್ಟು ಮತ್ತೆ ಒತ್ತಿತು. ಗಾಡಿ ಕಾಲರಿನ ಮೂಲೆಯಂತೆ ನುಣ್ಣಗೆ ತಿರುಗಿ ನೇರಕ್ಕೆ ಬಿತ್ತು.

"ಬುದ್ಧಿ ಇದೆಯಪ್ಪಾ!" ಎಂದು ಅವಳು ಗಟ್ಟಿಯಾಗಿ ಕೂಗಿದಳು. "ನನ್ನ ಕಾಲಿಗೆ ಬುದ್ಧಿ ಇದೆ!"

ಮುಂದೆ, ಗೆರೆಯ ಆಚೆ, ಮೊದಲೇ ಮುಟ್ಟಿದ್ದ ಹತ್ತು ಗಾಡಿಗಳು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತು, ಮಳೆಯಲ್ಲಿ ದೀಪ ಹಾಕಿ ಆರಿಸಿ ಹಾಕಿ ಆರಿಸಿ ಕರೆಯುತ್ತಿದ್ದವು. ಎಲ್ಲಿಯೋ ದೂರದ ಮನೆಗಳಿಂದ ಹತ್ತಾರು ಧ್ವನಿಗಳು ಸ್ಪೀಕರಿನಲ್ಲಿ ಒಟ್ಟಿಗೆ ಕೂಗಿದವು, "ಮಗಳು ಬಂದ್ಲು! ಮಗಳು ಬಂದ್ಲು!" ಹಸಿರು ಬಣ್ಣದ ಪುಟ್ಟ ಗಾಡಿ ಎಲ್ಲರಿಗಿಂತ ಕೊನೆಗೆ, ಹನ್ನೊಂದನೆಯದಾಗಿ, ಗೆರೆ ದಾಟಿತು.

ಕೋಣೆ ಹಾರಿಹೋಗುವ ಹಾಗೆ ಜನ ಚಪ್ಪಾಳೆ ಹೊಡೆದರು. ಶವದ ಗಾಡಿಯ ಡ್ರೈವರ್ ಬೀದಿಗೆ ಓಡಿ, ಮೂವತ್ತನಾಲ್ಕು ವರ್ಷದ ಕಟ್ಟಳೆ ಮುರಿದು, ಹಾರ್ನ್ ಒತ್ತಿ ಹಿಡಿದ. ಅವನ ಹಿಂದೆ ಮಿಕ್ಕವರೂ ಓಡಿದರು, ಹದಿನೈದು ಹಾರ್ನು ಒಟ್ಟಿಗೆ ಮೊಳಗಿದವು. ಮಾವ ಅಳುತ್ತಾ, ನಗುತ್ತಾ, ತಣ್ಣಗಾದ ಟೀಯನ್ನು ಸಿಕ್ಕಸಿಕ್ಕವರಿಗೆಲ್ಲ ಹಂಚಿದ. ಹಲ್ಲಿನ ಡಾಕ್ಟರು ಪಟ್ಟಿ ತೆಗೆದು ಆರು ವರ್ಷದಿಂದ ಖಾಲಿ ಬಿಟ್ಟಿದ್ದ ಜಾಗದಲ್ಲಿ 'ಪೂರ್ತಿ' ಎಂದು ಬರೆದರು.

ಮಗಳು ಸ್ಟೀರಿಂಗಿನಿಂದ ಕೈ ತೆಗೆದು, ಅಮ್ಮ ಹೇಗಿದ್ದಾಳೋ ಎಂದು ಪಕ್ಕಕ್ಕೆ ತಿರುಗಿದಳು. ಮೇಷ್ಟ್ರ ಸೀಟಿನಲ್ಲಿ ಅಮ್ಮ ಎರಡೂ ಕಾಲನ್ನು ಮೇಲೆತ್ತಿ, ಮಡಚಿ, ಸೆರಗು ಹೊದ್ದು ಆರಾಮವಾಗಿ ಕೂತಿದ್ದಳು. ಆ ಇಳಿಜಾರಿನಲ್ಲೇ ಎತ್ತಿಟ್ಟುಕೊಂಡದ್ದು, ಇನ್ನೂ ಕೆಳಗಿಟ್ಟಿರಲಿಲ್ಲ.